ಗಾಜಿನ ಬೀರುವಿನೊಳಗಿನ ಬಿಸಿಗಾಳಿ

ಹೆಂಗಸರ ವಾರ್ಡು, ಕಿಟಕಿ ಪಕ್ಕದ ಹಾಸಿಗೆ
ಗುರುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಮೊನ್ನೆ ಮಂಗಳವಾರ ನಿನ್ನದೇ ಆಪರೇಷನ್ ಕೋಣೆಯಲ್ಲಿ ನಿನ್ನ ತಾಯಿಯನ್ನು ಚಳಿಗೆ ನಡುಗಿಸಿದರು. ನೀನು ಹೇಗಿದ್ದೀಯ? ಡಾಕ್ಟರುಗಳ ಸಮ್ಮೇಳನದ ಊಟ ಹಿಡಿಸಿತೆ, ಕೆಮ್ಮು ಇಳಿಯಿತೆ? ಜಾರಿಬಿದ್ದು ಮುರಿದುಕೊಂಡ ನನ್ನ ಸೊಂಟದ ಮೂಳೆಯನ್ನು ಚೆನ್ನಾಗಿಯೇ ಕೂಡಿಸಿದ್ದಾರೆ. ಆ ಬಗ್ಗೆ ತಕರಾರಿಲ್ಲ.

ಬೆನ್ನಿಗೆ ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಸೊಂಟದ ಕೆಳಗೆ ನಾನಿದ್ದೇನೆಂಬುದೇ ಮರೆತುಹೋಯಿತು. ಮೇಲಿನರ್ಧ ಗಡಗಡ ನಡುಗತೊಡಗಿತು. ಆ ಅಲುಗಾಟಕ್ಕೆ ತೋಳಿನ ಪಟ್ಟಿಗೆ ರಕ್ತದೊತ್ತಡವೇ ಸಿಗದೆ ಯಂತ್ರ ಕೂಗಿಕೊಂಡಿತು. ನಿನ್ನ ಕಿರಿಯ ಡಾಕ್ಟರು ಹೆದರಬೇಡಿ ಎಂದು ಸಮಾಧಾನ ಹೇಳಿದರು. ನನಗೆಂಥ ಹೆದರಿಕೆ? ನೀನು ಊಟದ ಮೇಜಿನ ಬಳಿ ನಿಂತು ಭಾಷಣ ಅಭ್ಯಾಸ ಮಾಡುವಾಗ ಕೇಳಿಸಿಕೊಂಡವಳು ನಾನೇ ತಾನೆ: ಸೂಜಿಗೆ ಮೊದಲೇ ಮೈ ಬೆಚ್ಚಗಾಗಿಸಬೇಕು, ಸಲೈನ್ ಬೆಚ್ಚಗಿರಬೇಕು, ಹೊದಿಕೆಯೊಳಗೆ ಬಿಸಿಗಾಳಿ ಊದಬೇಕು. ಎಲ್ಲಿ ಆ ಬಿಸಿಗಾಳಿ ಯಂತ್ರ ಎಂದೆ. ನರ್ಸಮ್ಮ ಗಾಜಿನ ಬೀರು ತೋರಿಸಿದರು. "ಅಲ್ಲೇ ಇದೆ ಅಮ್ಮಾ. ಬೀಗ ಹಾಕಿ ಕೀ ತಗೊಂಡು ಹೋಗಿರೋದು ನಿಮ್ಮ ಮಗಾನೇ."

ನೀನಿಲ್ಲದಾಗ ಯಾರಾದರೂ ಅದರ ಕೊಳವೆ ಹರಿದುಹಾಕಿಯಾರು ಎಂದು ಬೀಗವಂತೆ. ನಿನಗೆ ಫೋನ್ ಮಾಡಿದರೆ ಬಂದ್. ಆ ಹೊತ್ತಿಗೆ ನಡುಕ ತಡೆಯುವುದು ಹೇಗೆಂದು ನೀನು ವೇದಿಕೆಯ ಮೇಲೆ ಹೇಳುತ್ತಿದ್ದೆ. ಗಾಜಿನಾಚೆ ಯಂತ್ರಕ್ಕೆ ದಪ್ಪನೆಯ ಹೊದಿಕೆ ಹೊದಿಸಿದ್ದೀಯ. ನನ್ನ ಮೇಲಿದ್ದದ್ದು ತೆಳ್ಳನೆಯ ಹಸಿರು ಬಟ್ಟೆ. ಗಾಜು ಒಡೆಯಿರಿ ಎಂದರೆ ಸಾಹೇಬರು ಬೈಯುತ್ತಾರೆಂದು ಯಾರೂ ಬೀರುವಿಗೆ ಕೈ ಹಚ್ಚಲಿಲ್ಲ. ಕೊನೆಗೆ ಡ್ರಿಪ್ಪಿಗೆ ಏನೋ ಔಷಧಿ ಸೇರಿಸಿ ನಡುಕ ನಿಲ್ಲಿಸಿದರು.

ಚಿಕ್ಕವನಿದ್ದಾಗ ಹೊಸ ಕೊಡೆ ಒದ್ದೆಯಾಗುತ್ತದೆಂದು ಅದನ್ನು ಅಂಗಿಯೊಳಗೆ ಬಚ್ಚಿಟ್ಟು, ತೊಪ್ಪೆಯಾಗಿ ಮನೆಗೆ ಬಂದಿದ್ದೆ. ಆಗ ನಕ್ಕಿದ್ದೆವು, ನೆನೆದವನು ನೀನೊಬ್ಬನೇ ಆಗಿದ್ದೆ.

ನನ್ನ ಕೋಪ ಮನೆಯಲ್ಲೇ ಇತ್ಯರ್ಥವಾಗುತ್ತದೆ. ಪಕ್ಕದ ಹಾಸಿಗೆಯ ದರ್ಜಿಯಮ್ಮನ ಕಥೆಯೇನು? ನನ್ನ ಹಿಂದೆಯೇ ಕಾಲಿನ ಆಪರೇಷನ್ನಿಗೆ ಹೋದವಳು ಹಾಗೇ ನಡುಗಿದಳು. ಅವಳಿಗೂ ಹೆದರಬೇಡಿ ಎಂಬ ಅದೇ ಸಮಾಧಾನ, ತಾನು ಹೆದರಿಯೇ ನಡುಗಿದೆನೆಂದು ಅವಳು ನಂಬಿಬಿಟ್ಟಿದ್ದಾಳೆ. ಸೋಮವಾರ ಎರಡನೆಯ ಆಪರೇಷನ್ ಆಗದಿದ್ದರೆ ಕಾಲು ಸೊಟ್ಟಗೇ ಉಳಿಯುತ್ತದೆ. "ನಾನು ಪುಕ್ಕಲಿ ಕಣಮ್ಮಾ, ಆ ಕೋಣೆಗೆ ಇನ್ನು ಕಾಲಿಡಲ್ಲ," ಎಂದು ಗಂಟುಮೂಟೆ ಕಟ್ಟುತ್ತಿದ್ದಾಳೆ. ಎಷ್ಟು ಹೇಳಿದರೂ ಡಾಕ್ಟರ ತಾಯಿಯ ಮಾತು ಅವಳಿಗೆ ಡಾಕ್ಟರ ಮಾತಾಗುವುದಿಲ್ಲ.

ಮಾತ್ರೆ ತಪ್ಪಿಸಬೇಡ. ನನ್ನ ಆಶೀರ್ವಾದ ಇದ್ದೇ ಇದೆ. ಅದಕ್ಕೆ ನಾನು ಬೀಗ ಹಾಕುವವಳಲ್ಲ.

ನಿನ್ನ
ಅಮ್ಮ

ತಾ.ಕ.: ಕೀಲಿಯನ್ನು ಯಾರ ಕೈಲಾದರೂ ಕಳಿಸಿ ಕೈತೊಳೆದುಕೊಳ್ಳಬೇಡ. ಸೋಮವಾರದೊಳಗೆ ನೀನೇ ಬಾ. ಈ ವಾರ್ಡಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳು: ದರ್ಜಿಯಮ್ಮ ನಡುಗಿದ್ದು ಹೆದರಿಕೆಗೋ, ನಿನ್ನ ಬೀಗಕ್ಕೋ?