ಅಮ್ಮ ಕೊಟ್ಟ ಮಾತು

೧೨ ಮಾರ್ಚ್ ೨೦೨೫, ಬುಧವಾರ. ಬೆಳ್ತಂಗಡಿ.

ಹೊಸ ಮಾತ್ರೆಯ ಪ್ರಯೋಗಕ್ಕೆ ಅಮ್ಮ ಒಪ್ಪಿದ್ದೇ ತಲೆ ಕೊರೆಯುತ್ತಿದೆ. ಅವಳ ಕಿಡ್ನಿಗೆ ಅದರಿಂದ ಗುಣವೋ ತೊಂದರೆಯೋ ಇನ್ನೂ ಯಾರಿಗೂ ಗೊತ್ತಿಲ್ಲ. ತಿಳಿಯುವುದಕ್ಕೇ ಈ ಪ್ರಯೋಗ ಎಂದು ಡಾಕ್ಟರು ಕನ್ನಡದಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಅಮ್ಮ ಪ್ರತಿ ಮಾತಿಗೂ "ಆಯಿತು ಡಾಕ್ಟ್ರೇ" ಎಂದಳು. ಹೊರಗೆ ಬಂದದ್ದೇ ತುಳುವಿನಲ್ಲಿ, "ಅವರು ಹೇಳಿದ್ದು ಎಂಥದು ಮಗಾ?" ಎಂದು ಕೇಳಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಬಸ್ಸಿನಲ್ಲಿ ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಎಂದೂ ಹೇಳಿದೆ.

"ಹೆದರಿಕೆ ಉಂಟು. ಆದರೆ ಅಷ್ಟು ದೊಡ್ಡವರಿಗೆ ಮಾತು ಕೊಟ್ಟಾಯಿತಲ್ಲ, ಇನ್ನು ಬಿಡುವುದು ಹೇಗೆ?"

ಸೋಮವಾರದಿಂದ ಮಾತ್ರೆ. ಬೇಡವೆಂದು ನಾನೇ ಫೋನ್ ಮಾಡಿದರೆ ಅವಳ ಮಾತು ಮುರಿಯುತ್ತದೆ. ಮಾಡದಿದ್ದರೆ, ಕೊಟ್ಟ ಮಾತಿಗಾಗಿ ಅವಳು ಹೆದರಿಕೊಂಡೇ ಮಾತ್ರೆ ನುಂಗುತ್ತಾಳೆ.