ಸುಮ್ಮನಿದ್ದರೆ ಮಲಗಿಸು

ಮಾರ್ಚ್ 3

ಮತ್ತೆ ಅದೇ ಫೈಲ್. ಟ್ಯಾಬ್ಲೆಟ್ಟಿನೊಳಗಿನ ಮೈಕ್, ಕ್ಯಾಮೆರಾದಂಥ ಯಾವ ಡಿವೈಸನ್ನು ಯಾವಾಗ ಮಲಗಿಸಬೇಕೆಂದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಹೇಳುವ ಇಂಟರ್‌ಫೇಸ್. ನನ್ನ ನಿಯಮ ಒಂದೇ — ಅರ್ಧ ನಿಮಿಷ ಡೇಟಾ ಓಡಾಡದಿದ್ದರೆ ಅದು ಸುಮ್ಮನಿದೆ ಎಂದರ್ಥ. ಪವರ್ ಕಟ್. ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಬಾಸ್ ಖುಷ್.

ಮೀಟಿಂಗಿನಲ್ಲಿ ಆಡಿಯೊ ಡ್ರೈವರ್, ಅಂದರೆ ಮೈಕ್ ನಡೆಸುವ ಪ್ರೋಗ್ರಾಂ, ಬರೆಯುವವನ ತಕರಾರು. ಎಲ್ಲದಕ್ಕೂ ಅಡ್ಡಗಾಲು ಹಾಕುತ್ತಾನೆ, ಅದಕ್ಕೇ ಅವನಿಗೆ ನಾವಿಟ್ಟ ಹೆಸರು ಬ್ರೇಕ್.

"ಮೈಕ್ ಶಬ್ದಕ್ಕೆ ಕಾಯ್ತಾ ಇರುತ್ತೆ ಕಣೋ. ಶಬ್ದ ಬರೋ ತನಕ ಏನೂ ಕಳಿಸಲ್ಲ. ಹಾಗಂತ ಅದಕ್ಕೆ ಕೆಲಸ ಇಲ್ವಾ? ನನ್ನ ಮಲಗಿಸಬೇಡ ಅನ್ನೋಕೆ ಡ್ರೈವರ್‌ಗೆ ಕೋಡಲ್ಲಿ ಒಂದು ಕಾಲ್ ಕೊಡು."

"ಕೊಟ್ರೆ ಎಲ್ರೂ ಅದನ್ನೇ ಅಂತಾರೆ. ಆಮೇಲೆ ಯಾವುದೂ ಮಲಗಲ್ಲ."

ಎಲ್ಲರೂ ನಕ್ಕರು. ಗೆದ್ದೆ.

ಮಾರ್ಚ್ 5, ಸಂಜೆ

ಅಮ್ಮನ ಎಡಗಾಲು ಸ್ವಾಧೀನದಲ್ಲಿಲ್ಲ. ಅದನ್ನು ಮರೆತು ಏಳಲು ಹೋಗುತ್ತಾಳೆ. ಅಕ್ಕ ದಿನವಿಡೀ ಮಂಚದ ಪಕ್ಕ. ಸಾಕಾಗಿದೆ ಎಂದಳು. "ಕೂತೇ ಇರ್ತೀಯಲ್ಲ, ಸುಸ್ತು ಎಲ್ಲಿಂದ ಬರುತ್ತೆ?" ಎಂದುಬಿಟ್ಟೆ. ಅವಳು ಅಮ್ಮನ ಹೊದಿಕೆ ಸರಿಮಾಡತೊಡಗಿದಳು.

ಆಫೀಸಿನ ಟೆಸ್ಟ್ ಟ್ಯಾಬ್ಲೆಟ್ ತಂದು ಅಮ್ಮನ ತಲೆದೆಸೆಯಲ್ಲಿಟ್ಟೆ. ಅದರಲ್ಲಿರುವುದು ನನ್ನದೇ ಕೋಡಿನ ಹೊಸ ಬಿಲ್ಡ್. ಅಮ್ಮ ಕೂಗಿದರೆ ಅಕ್ಕನ ಫೋನ್ ಬಡಿದುಕೊಳ್ಳಬೇಕು. ಆನ್ ಮಾಡಿದೆ, ಕೆಮ್ಮಿದೆ, ಬಡಿದುಕೊಂಡಿತು.

"ಅಂತೂ ನಿನ್ನ ಕೆಲಸ ಒಂದ್ಸಲ ಮನೆಗೂ ಬಂತಲ್ಲೋ," ಎಂದು ಅಕ್ಕ ನಕ್ಕಳು.

ಮಾರ್ಚ್ 6

ಅಕ್ಕ ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಮಲಗಿದ್ದಳಂತೆ. ಮುಖದಲ್ಲಿ ಕಳೆ ಬಂದಿದೆ. ನನಗೂ ಹೆಮ್ಮೆ.

ಮಾರ್ಚ್ 12, ಆಸ್ಪತ್ರೆ

ಎಂಟನೇ ತಾರೀಕು ಮಧ್ಯಾಹ್ನ ಅಮ್ಮ ಬಿದ್ದಳು. ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಯಿತು. ಎಷ್ಟು ಹೊತ್ತು ನೆಲದ ಮೇಲಿದ್ದಳೋ, ಎಷ್ಟು ಕೂಗಿದಳೋ.

ಬಂದವರೆಲ್ಲರ ಮುಂದೆ ಅಕ್ಕನ ಮಾತು ಒಂದೇ. "ಫೋನ್ ಬಡ್ಕೊಂಡಿರುತ್ತೆ. ನಾನೇ ಸತ್ತ ಹಾಗೆ ಮಲಗಿಬಿಟ್ಟಿದ್ದೆ."

ಫೋನ್ ಬಡಿದುಕೊಳ್ಳಲಿಲ್ಲ. ಟ್ಯಾಬ್ಲೆಟ್ ಬರೆದಿಟ್ಟುಕೊಂಡ ಲಾಗ್ ನೋಡಿದ್ದೇನೆ. ಕೋಣೆ ಅರ್ಧ ನಿಮಿಷ ನಿಶ್ಶಬ್ದವಾಗಿತ್ತು, ಕರ್ನಲ್ ಮೈಕನ್ನು ಮಲಗಿಸಿತು. ನನ್ನ ನಿಯಮದಂತೆಯೇ. ಆನ್ ಮಾಡಿದ ತಕ್ಷಣ ಕೆಮ್ಮಿ ನೋಡಿದ್ದೆನಲ್ಲ... ಅದೂ ಒಂದು ಟೆಸ್ಟೇ?

ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹೇಡಿ.

ಮಾರ್ಚ್ 13

ಬ್ರೇಕ್ ಕೇಳಿದ್ದ ಕಾಲ್ ಸೇರಿಸಿದೆ. ಹತ್ತು ಸಾಲು, ಅಷ್ಟೇ. ನಡೆದದ್ದನ್ನು ಅವನಿಗೆ ಹೇಳಿದೆ. ಅವತ್ತೇ ಹೇಳಿದ್ದೆ ಎಂದು ಉಗಿದಿದ್ದರೆ ಸಮಾಧಾನವಾಗುತ್ತಿತ್ತು. "ಅಕ್ಕಂಗೆ ಹೇಳಿದ್ಯಾ?" ಎಂದಷ್ಟೇ ಕೇಳಿದ.

ಮಾರ್ಚ್ 19, ಮಧ್ಯಾಹ್ನ

ಅಮ್ಮ ಮನೆಗೆ ಬಂದಿದ್ದಾಳೆ. ಅಕ್ಕ ಕುರ್ಚಿ ಬಿಟ್ಟು ಏಳುತ್ತಿಲ್ಲ. ತೂಕಡಿಕೆ ಬಂದರೆ ತನ್ನ ತೋಳನ್ನು ತಾನೇ ಚಿವುಟಿಕೊಳ್ಳುತ್ತಾಳೆ. ತೋಳೆಲ್ಲ ಕಪ್ಪುಗಟ್ಟಿದೆ. ನೋಡಲಾಗಲಿಲ್ಲ. ಹೇಳಿಬಿಟ್ಟೆ.

"ಹಾಗಾದ್ರೆ ಅದು ಬಡ್ಕೊಳ್ಳಲೇ ಇಲ್ವಾ?"

"ಇಲ್ಲ ಅಕ್ಕಾ."

"ಇಷ್ಟು ದಿನ ನಾನು ನನ್ನನ್ನೇ ಬೈಕೊಳ್ತಿದ್ದೆ. ನೀನು ಕೇಳ್ತಾ ನಿಂತಿದ್ದೆ."

ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಿದ್ದಾಳೋ, ಮಲಗಿದಳೋ. ಮಲಗಿದ್ದರೆ ಸಾಕು.

ಅವಳ ಕುರ್ಚಿಯಲ್ಲಿ ನಾನು. ಟ್ಯಾಬ್ಲೆಟ್ ಇಲ್ಲ. ಅಮ್ಮನಿಗೆ ನಿದ್ದೆ. ಹೊದಿಕೆ ಏರುತ್ತದೆ, ಇಳಿಯುತ್ತದೆ, ಬೇರೇನೂ ಇಲ್ಲ. ಬರೆಯುವಾಗಲೂ ಅವಳ ಮೇಲಿನ ಕಣ್ಣು ತೆಗೆಯುವ ಹಾಗಿಲ್ಲ. ಬೆನ್ನು ಬಿದ್ದುಹೋಗಿದೆ. ಸುಸ್ತು ಎಲ್ಲಿಂದ ಬರುತ್ತೆ ಎಂದು ಕೇಳಿದ್ದೆನಲ್ಲ ಅವಳನ್ನು...

ಅಮ್ಮನ ಕೈ ಅಲುಗಿತು. ಮಂಚದ ಅಂಚು ಹಿಡಿಯುತ್ತಿದ್ದಾಳೆ —