ಹಿಂದಿನ ಗಾಡಿಯ ಮಾತು

ಕೊಣ್ಣೂರ, ತಾ. ಗೋಕಾಕ
ಡಿಸೆಂಬರ್ ೯, ಮಂಗಳವಾರ

ಪ್ರೀತಿಯ ಅಣ್ಣಾ,

ಜಯಜಿನೇಂದ್ರ. ಇವತ್ತು ಮುಂಜಾನೆ ನಮ್ಮ ವ್ಯಾನಿನ ಮೇಲೆಲ್ಲ ಇಬ್ಬನಿ ಕೂತಿತ್ತು. ಮೇಲೆ ನಿಲ್ಲಿಸಿದ ರೇಡಿಯೋ ಆಂಟೆನಾದ ಬುಡದಲ್ಲಿ ಒಂದು ಹಸಿರು ಬಟ್ಟೆ ಇಣುಕುತ್ತಿತ್ತು. ಗಾಡಿಯ ಬಣ್ಣಕ್ಕೆ ಗೀರು ಬೀಳಬಾರದೆಂದು ಅಪ್ಪ ಇಟ್ಟದ್ದು. ಹತ್ತಿರ ಹೋಗಿ ನೋಡಿದರೆ ಅದು ಅವ್ವನ ಇಳಕಲ್ ಸೀರೆಯ ಸೆರಗು. ಅವ್ವ ಬಣ್ಣದ ಸೀರೆಗಳನ್ನೆಲ್ಲ ಓಣಿಯವರಿಗೆ ಹಂಚಿದ ದಿನ ಅಪ್ಪ ಅದನ್ನು ಯಾವಾಗ ಹರಿದು ಎತ್ತಿಟ್ಟುಕೊಂಡನೋ ನನಗೆ ಗೊತ್ತೇ ಆಗಿರಲಿಲ್ಲ.

ನೀನು ಹೇಗಿದ್ದೀ? ಕಿವಿನೋವು ಕಡಿಮೆಯಾಯಿತೆ? ಉಣ್ಣೆಯ ಟೊಪ್ಪಿಗೆ ಮುಟ್ಟಿತೆ? ಅದರ ಒಂದು ಬದಿ ಸಡಿಲಾಗಿದೆ. ಅದನ್ನು ಹೆಣೆದವಳು ನಾನು, ಅವ್ವನಲ್ಲ, ಆದ್ದರಿಂದ ಬೈಯುವುದಾದರೆ ನನ್ನನ್ನೇ ಬೈ. ಹೋದ ವಾರದಿಂದ ನಿನ್ನ ಫೋನು ಹತ್ತುತ್ತಿಲ್ಲ. ಗುಡ್ಡದ ಮೇಲಿನ ಠಾಣ್ಯಕ್ಕೆ ಹೋಗಿರಬೇಕು ಎಂದು ಅಪ್ಪ ಹೇಳಿದ. ಅದಕ್ಕೇ ಈ ಕಾಗದ.

ಅವ್ವ ಮಾತಾಜಿಯವರ ಸಂಘದ ಜೊತೆ ಮೂಡಲಗಿಯಿಂದ ಹುಕ್ಕೇರಿಗೆ ನಡೆಯುತ್ತಿರುವುದು ನಿನಗೆ ಗೊತ್ತೇ ಇದೆ. ಈಗ ಕಬ್ಬಿನ ಹಂಗಾಮು. ಡಬಲ್ ಟ್ರೇಲರಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಇಡೀ ರಸ್ತೆ ತಮ್ಮದೆನ್ನುವಂತೆ ಬರುತ್ತವೆ. ಹೋದ ವರ್ಷ ಒಂದು ಸಂಘದವರ ಮೇಲೆ ಟ್ರೇಲರು ಮಗುಚುವುದು ಸ್ವಲ್ಪದರಲ್ಲಿ ತಪ್ಪಿತಂತೆ. ಅದಕ್ಕೆ ಈ ಸಲ ನಡೆಯುವವರ ಮುಂದೊಂದು ಗಾಡಿ, ಹಿಂದೊಂದು ಗಾಡಿ. ಎರಡರಲ್ಲೂ ಗಾಡಿಯಿಂದ ಗಾಡಿಗೆ ಮಾತಾಡುವ ಸಿ.ಬಿ. ರೇಡಿಯೋ. ಪಾಯಗೊಂಡ ಕಾಕಾ ಸಾಂಗ್ಲಿಯ ಜೀಪ್ ಕ್ಲಬ್ಬಿನವರ ಕಡೆಯಿಂದ ಕೇಳಿ ತಂದದ್ದು. ಸೈನ್ಯದಲ್ಲಿ ವೈರ್‌ಲೆಸ್ ಹಿಡಿಯುವ ನೀನು ನಮ್ಮ ಜೋಡಣೆ ನೋಡಿದ್ದರೆ ನಗುತ್ತಿದ್ದೆ. ವ್ಯಾನಿಗೆ ಒಂದು ತೂತನ್ನೂ ಹಾಕಗೊಡುವುದಿಲ್ಲ ಎಂದು ಅಪ್ಪನ ಹಟ. “ಹುಕ್ಕೇರಿ ಮುಟ್ಟೂತನಕ ಅಷ್ಟ. ಆಮ್ಯಾಲೆ ಎಲ್ಲಾ ಬಿಚ್ಚೂದೈತಿ.” ಹಾಗಾಗಿ ಆಂಟೆನಾ ಅಯಸ್ಕಾಂತದ ಮೇಲೆ ನಿಂತಿದೆ, ತಂತಿ ಬಾಗಿಲಿನ ರಬ್ಬರಿನ ಸಂದಿಯಿಂದ ಒಳಗೆ ಬಂದಿದೆ, ಪೆಟ್ಟಿಗೆಯನ್ನು ಸ್ಟೇರಿಂಗಿನ ಬಾಜೂ ಪಟ್ಟಿಯಿಂದ ಬಿಗಿದಿದ್ದಾರೆ. ಕರೆಂಟು ಸಿಗರೇಟ್ ಹಚ್ಚುವ ತೂತಿನಿಂದ. ಜನ್ಮದಲ್ಲಿ ಬೀಡಿ ಮುಟ್ಟದ ಅಪ್ಪನಿಗೆ ಆ ತೂತು ಮೊದಲ ಸಲ ಉಪಯೋಗಕ್ಕೆ ಬಂತು. ಮೈಕಿಗೆ ಕೊಕ್ಕೆ ಮಾತ್ರ ಇಲ್ಲ, ಅದನ್ನು ಸೀಟಿನ ಮೇಲೆ ಇಡಬೇಕು.

ಮುಂದಿನ ಜೀಪಿನಲ್ಲಿ ಕಾಕಾ ಮತ್ತು ನಾನು. ಎದುರಿಗೆ ಏನು ಬರುತ್ತಿದೆ ಎಂದು ಹಿಂದಿನ ವ್ಯಾನಿನಲ್ಲಿರುವ ಅಪ್ಪನಿಗೆ ಹೇಳುವುದು ನನ್ನ ಕೆಲಸ. ಅಪ್ಪ ಹಾರ್ನು ಹೊಡೆದರೆ ನಡೆಯುವವರು ರಸ್ತೆ ಬಿಟ್ಟು ಇಳಿಯುತ್ತಾರೆ. ಮೊದಲ ದಿನ ಮೈಕ್ ಹಿಡಿದು ನಾನು ಬೆವೆತದ್ದನ್ನು ಕಂಡು ಕಾಕಾ, “ಎಂ.ಎ. ಮಾಡೀಯಲ್ಲವಾ, ಟ್ರ್ಯಾಕ್ಟರ್ ಬಂತು ಅನ್ನಾಕ ಏನ್ ಭಾಷಣ ಬರಕೊಂಡ ಬರಬೇಕೇನ?” ಎಂದರು. ಈಗ ರೂಢಿಯಾಗಿದೆ. ಮುಖ ಕಾಣದಿದ್ದರೆ ನನಗೆ ಮಾತು ಬರುತ್ತದೆ.

ಅವ್ವನ ಬಗ್ಗೆ ಏನು ಬರೆಯಲಿ? ಮೊಣಕಾಲು ನೋವೆಂದು ಬಸದಿಯ ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿಯುತ್ತಿದ್ದವಳು ಈಗ ಬರಿಗಾಲಲ್ಲಿ, ಬಿಳಿ ಸೀರೆಯಲ್ಲಿ, ನಮಗಿಂತ ಹಗುರಾಗಿ ನಡೆಯುತ್ತಾಳೆ. ಮನೆಯ ಮೇಲೆ ಸಿಟ್ಟಾಗಿ ಹೊರಟವಳಲ್ಲ ಅವಳು. ಸಿಟ್ಟಾಗಿದ್ದರೆ ಕಾಲು ಹಿಡಿದು ಕರೆತರಬಹುದಿತ್ತು. ಬರುವ ರವಿವಾರ ಹುಕ್ಕೇರಿಯಲ್ಲಿ ದೀಕ್ಷೆ. ಆಮೇಲೆ ಅವಳು ನಮಗೆ ಅವ್ವನಲ್ಲ, ಅಪ್ಪನಿಗೆ ಹೆಂಡತಿಯಲ್ಲ. ನಾವು ದೂರದಲ್ಲಿ ನಿಂತು ಕೈಮುಗಿಯಬೇಕು. ಆದರೆ ಈ ಮಾತಾಜಿಯವರದೊಂದು ರೀತಿಯಿದೆ: ಹೊರಡುವಾಗ ಒಮ್ಮೆ, ದೀಕ್ಷೆಯ ಸಭೆಯಲ್ಲಿ ಮತ್ತೊಮ್ಮೆ ಗಂಡ, ಮಕ್ಕಳು ಒಬ್ಬೊಬ್ಬರಾಗಿ ಎದ್ದು ಒಪ್ಪಿಗೆ ಹೇಳಬೇಕು. ಒಬ್ಬರು ಒಲ್ಲೆ ಎಂದರೂ ಅವರು ದೀಕ್ಷೆ ಕೊಡುವುದಿಲ್ಲ, ಒಂದು ವರ್ಷ ತಡೆಯಿರಿ ಎನ್ನುತ್ತಾರೆ. ಮೂಡಲಗಿಯಲ್ಲಿ ಅವರು ಕೇಳಿದಾಗ ಅಪ್ಪ ಎಲ್ಲರಿಗಿಂತ ಮೊದಲು ಎದ್ದು, “ಖುಷೀಲೆ ಒಪ್ಪೇನ್ರಿ” ಎಂದ. ನೀನೂ ಫೋನಿನಲ್ಲಿ, ಅವ್ವಗ ಬೇಕಾದ್ದು ಆಗಲಿ ಎಂದೆ. ನಾನು ತಲೆ ತಗ್ಗಿಸಿದೆ, ಅದನ್ನೇ ಒಪ್ಪಿಗೆ ಎಂದುಕೊಂಡರು.

ನಿನ್ನೆ ಗೋಕಾಕ ಬಿಟ್ಟು ಫಾಲ್ಸ್ ಕಡೆಯ ತಿರುವುಗಳಲ್ಲಿ ಬರುತ್ತಿದ್ದೆವು. ಬಿಸಿಲು ಆಗಷ್ಟೇ ಬಿದ್ದಿತ್ತು. ಇದ್ದಕ್ಕಿದ್ದಂತೆ ರೇಡಿಯೋದಲ್ಲಿ ಅಪ್ಪನ ದನಿ. ನಮ್ಮನ್ನು ಕರೆದದ್ದಲ್ಲ. ಸೀಟಿನ ಮೇಲಿನ ಮೈಕು ಅವನ ತೊಡೆಯ ಕೆಳಗೆ ಸಿಕ್ಕು ಗುಂಡಿ ಒತ್ತಿಹೋಗಿತ್ತು. ವ್ಯಾನಿನಲ್ಲಿ ಒಬ್ಬನೇ ಇದ್ದ. ಮುಂದೆ ಬೆನ್ನು ಹಾಕಿ ನಡೆಯುತ್ತಿದ್ದ ಅವ್ವನ ಜೊತೆ ಮಾತಾಡುತ್ತಿದ್ದ. “ಕಮಲಾ, ಹೋಗಬ್ಯಾಡ. ನಿನ್ನ ಮಾರಿ ನೋಡಿ ಹೂಂ ಅಂದೆ. ಒಲ್ಲೆ ಅನ್ನಾಕ ಧೈರ್ಯ ಆಗಲಿಲ್ಲ ನನಗ. ನಾ ಹೊಲದಾಗ ಇದ್ರ, ಹೊತ್ತ ಮುಣಗಾಕತ್ತೈತಿ, ಊಟಕ್ಕ ಬರ್ರಿ ಅಂತ ಇನ್ನ ಯಾರ ಕೂಗ್ತಾರ?” ಆಮೇಲೆ ಬಿಕ್ಕು ಮಾತ್ರ. ಅಣ್ಣಾ, ಅಜ್ಜಿ ಸತ್ತಾಗಲೂ ಅಪ್ಪ ಅತ್ತದ್ದು ನಾನು ಕೇಳಿಲ್ಲ. ಕಾಕಾ ಆವಾಜು ಸಣ್ಣದು ಮಾಡಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ಅಷ್ಟರಲ್ಲಿ ತಿರುವಿನಲ್ಲಿ ಡಬಲ್ ಟ್ರೇಲರು ಕಾಣಿಸಿತು. ಕಬ್ಬು ಒಂದು ಕಡೆಗೆ ವಾಲಿತ್ತು. ನಾನು ಮೈಕ್ ಒತ್ತಿ ಕೂಗಿದೆ, ಮತ್ತೆ ಕೂಗಿದೆ. ಆ ಕಡೆಯ ಗುಂಡಿ ಒತ್ತಿರುವ ತನಕ ಈ ಕಡೆಯ ಮಾತು ಮುಟ್ಟುವುದಿಲ್ಲ, ನಿನಗೆ ಗೊತ್ತಲ್ಲ. ಜೀಪಿನಿಂದ ಹಾರಿ ಹಿಂದಕ್ಕೆ ಓಡಿದೆ. “ಅವ್ವಾ, ಬಾಜೂ ಸರೀ! ಸರೀರಿ ಎಲ್ಲಾರೂ!” ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಎಲ್ಲರೂ ಗಟಾರಿನ ಕಡೆ ಇಳಿದರು. ಟ್ರೇಲರು ಹೋಯಿತು, ಕಬ್ಬಿನ ಗರಿ ಅವ್ವನ ಸೆರಗಿಗೆ ತಾಗಿತು. ಅವ್ವ ನನ್ನ ನೋಡಿ, “ಇಷ್ಟ ದೊಡ್ಡ ದನಿ ಎಲ್ಲಿಟ್ಟಿದ್ದಿ ಹುಡುಗಿ?” ಎಂದು ನಕ್ಕಳು. ಹಿಂದೆ ಅಪ್ಪ ಕಣ್ಣೊರೆಸಿ, ಗಾಜು ಇಳಿಸಿ, “ಯಾಕ ಹೇಳಲಿಲ್ಲ ನೀ ರೇಡಿಯೋದಾಗ?” ಎಂದು ಗದರಿದ. ಕೇಳಲಿಲ್ಲವೇನೋ ಅಪ್ಪಾ ಎಂದೆ. ತನ್ನ ಮಾತು ನಮಗೆ ಕೇಳಿತೆಂದು ಅವನಿಗೆ ಇನ್ನೂ ಗೊತ್ತಿಲ್ಲ.

ಅಣ್ಣಾ, ನನಗೆ ದಾರಿ ತೋಚುತ್ತಿಲ್ಲ. ಅವ್ವನಿಗೆ ಹೇಳಿದರೆ ಅಪ್ಪ ಯಾರಿಗೂ ಮುಖ ತೋರಿಸಲಾರ. ಸುಮ್ಮನಿದ್ದರೆ ಅವ್ವ ಒಂದು ಸುಳ್ಳು ಒಪ್ಪಿಗೆಯ ಮೇಲೆ ಹೋಗುತ್ತಾಳೆ, ಅದು ಅವಳ ವ್ರತಕ್ಕೂ ಶೋಭೆಯಲ್ಲ. ಹೇಗಾದರೂ ರಜೆ ಕೇಳು. ಕಾಲಿಗೆ ಬೀಳುತ್ತೇನೆ, ಬಾ. ನೀನು ದೊಡ್ಡವನು, ನಾಲ್ಕು ಜನರ ಮುಂದೆ ನಿನ್ನ ಮಾತು ನಡೆಯುತ್ತದೆ. ನೀನೇ ಎದ್ದು ಒಲ್ಲೆ ಎಂದುಬಿಡು.

ಕಾಕಾ ನಿನ್ನನ್ನು ನೆನೆದಿದ್ದಾರೆ. ಅವ್ವ ಈಗ ಸ್ವಾಧ್ಯಾಯದಲ್ಲಿದ್ದಾಳೆ. ಬರೆಯುತ್ತಿದ್ದೇನೆಂದು ತಿಳಿದರೆ, ಬೆಚ್ಚಗಿರು ಎಂದೇ ಹೇಳಿಯಾಳು. ಅದನ್ನು ಅವಳ ಪರವಾಗಿ ನಾನೇ ಹೇಳುತ್ತೇನೆ.

ನಿನ್ನ ತಂಗಿ,
ಸೋನಾಲಿ

ತಾ.ಕ.: ಕಾಗದ ಕೊಡಲು ಪೋಸ್ಟಿಗೆ ಬಂದು ಕೇಳಿದೆ. ಸ್ಪೀಡ್ ಪೋಸ್ಟ್ ಮಾಡಿದರೂ ರವಿವಾರದೊಳಗೆ ನಿನಗೆ ಮುಟ್ಟುವುದಿಲ್ಲವಂತೆ. ಅಂದರೆ ನೀನು ಇದನ್ನು ಓದುವಾಗ ಎಲ್ಲ ಆಗಿಹೋಗಿರುತ್ತದೆ. ರಜೆಗೆ ಓಡಾಡಬೇಡ. ಸಭೆಯಲ್ಲಿ ನನ್ನ ಹೆಸರು ಕರೆದಾಗ ಎದ್ದು ನಿಂತು, ನಾನು ಒಲ್ಲೆ, ನನಗೆ ಅವ್ವ ಬೇಕು, ಎನ್ನುತ್ತೇನೆ. ಇಷ್ಟು ಓದಿದವಳು ತಾಯಿಯ ಪುಣ್ಯಕ್ಕೆ ಅಡ್ಡ ಬಂದಳು ಎಂದು ಜನ ಆಡಿಕೊಳ್ಳಲಿ. ಅವ್ವ ಆ ವರ್ಷವೆಲ್ಲ ನನ್ನ ಜೊತೆ ಮಾತು ಬಿಡಲಿ. ಮಾತಾಜಿ ಕಾರಣ ಕೇಳಿದರೂ ಅಪ್ಪನ ಹೆಸರು ಎತ್ತುವುದಿಲ್ಲ. ನೀನೂ ಎಂದೂ ಎತ್ತಬೇಡ.